ಮನೆಗಿಂತ ಮೊದಲು ಮೇಷ್ಟ್ರಿಗೆ ಹೇಳಿದಾಗ

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ವಯಸ್ಸಿನಲ್ಲಿ ಮಕ್ಕಳಿಗೆ ಹತ್ತಿರದವರು. ಹಾಗಾಗಿ ತಂದೆತಾಯಿಗೆ ಹೇಳಲಾಗದ ಮಾತು ಕೆಲವೊಮ್ಮೆ ಅವರ ಕಿವಿಗೆ ಮೊದಲು ಬೀಳುತ್ತದೆ. ‘ನನಗೆ ಹುಡುಗರ ಮೇಲೇ ಮನಸ್ಸಾಗುತ್ತೆ ಸಾರ್, ಮನೇಲಿ ಗೊತ್ತಿಲ್ಲ’ ಎಂದು ಹತ್ತನೇ ತರಗತಿಯ ಹುಡುಗನೊಬ್ಬ ಹೇಳಿದನೆನ್ನಿ. ಪೋಷಕರನ್ನು ಕರೆಸುವುದು ನಮ್ಮ ಶಾಲೆಗಳ ರೂಢಿ. ಇಲ್ಲಿ ಆ ರೂಢಿ ಅಪಾಯಕಾರಿ.

ಮನೆಯವರು ಹೇಗೆ ನಡೆದುಕೊಂಡಾರು ಎಂಬುದು ನಮಗಿಂತ ಆ ಮಗುವಿಗೆ ಚೆನ್ನಾಗಿ ಗೊತ್ತು. ಹೊಡೆತ ಬೀಳಬಹುದು, ಓದು ನಿಲ್ಲಬಹುದು; ಹುಡುಗಿಯಾದರೆ ಅವಸರದ ಮದುವೆಯೂ ಆದೀತು. ಕುಟುಂಬದಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಾಸಕ್ತ ಯುವಜನರಲ್ಲಿ ಆತ್ಮಹತ್ಯೆಯ ಯತ್ನ, ತಿರಸ್ಕಾರವನ್ನು ಅಷ್ಟಾಗಿ ಕಾಣದವರಿಗಿಂತ 8.4 ಪಟ್ಟು ಹೆಚ್ಚೆಂದು ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರ 2009ರ ಅಧ್ಯಯನ ತೋರಿಸಿತು. ಯಾವಾಗ ಹೇಳಬೇಕು, ಮೊದಲು ಅಮ್ಮನಿಗೋ ಅಕ್ಕನಿಗೋ ಎಂಬ ತೀರ್ಮಾನ ವಿದ್ಯಾರ್ಥಿಯದೇ. ಸದ್ಯಕ್ಕೆ ಹೇಳದಿರುವುದೂ ಒಂದು ತೀರ್ಮಾನ.

ಗುಟ್ಟು ಕಾಯುವುದಕ್ಕೆ ಮಿತಿಯೂ ಇದೆ. ಮಾತಿನ ನಡುವೆ ಲೈಂಗಿಕ ದೌರ್ಜನ್ಯದ ಸಂಗತಿ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಜೀವಕ್ಕೆ ಅಪಾಯವಿದ್ದರೆ ಒಬ್ಬರೇ ಹೊತ್ತುಕೊಳ್ಳಬಾರದು. ಇದನ್ನು ಮಗುವಿಗೆ ಮೊದಲೇ ತಿಳಿಸಿರುವುದು ಪ್ರಾಮಾಣಿಕತೆ.

ಮನೆಯವರಿಗೆ ತಿಳಿದ ಮೇಲೆ ಅವರೇ ಶಾಲೆಗೆ ಬರಬಹುದು. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ವಾಸಿಯಾಗುತ್ತಾ?’ ಎಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಕಾನೂನಿನ ಭಯವಿದ್ದರೆ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ ಎನ್ನಿ. ‘ಬೆಳೆಸಿದ್ದರಲ್ಲಿ ತಪ್ಪಾಯಿತೆ?’ ಎಂದರೆ ಇಲ್ಲವೆಂದು ನೇರವಾಗಿ ಹೇಳಿ.

‘ನೆಂಟರಿಗೆ ಏನು ಹೇಳೋಣ?’ ಎಂಬುದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ. ಅದೇ ದಾರಿ ತುಳಿದ ತಂದೆತಾಯಿಗಳಿಂದ ಅವರಿಗೆ ಹೆಚ್ಚು ಧೈರ್ಯ ಸಿಕ್ಕೀತು. 1972ರಲ್ಲಿ ಮಗನೊಂದಿಗೆ ನ್ಯೂಯಾರ್ಕಿನ ಬೀದಿಯಲ್ಲಿ ಫಲಕ ಹಿಡಿದು ನಡೆದು, ಮರುವರ್ಷ ಇಂಥ ಪೋಷಕರ ಮೊದಲ ಸಭೆ ಸೇರಿಸಿದ ಜೀನ್ ಮ್ಯಾನ್‌ಫೋರ್ಡ್ ಶಾಲಾ ಶಿಕ್ಷಕಿಯಾಗಿದ್ದರು ಎಂಬುದು ನಮಗೆ ಖುಷಿಯ ಸಂಗತಿ. ನಮ್ಮ ದೇಶದಲ್ಲಿ ‘ಸ್ವೀಕಾರ್’ ಎಂಬ ಪೋಷಕರ ಬಳಗವಿದೆ. ರಾತ್ರಿ ಹೊತ್ತಿನಲ್ಲಿ ಮಗುವಿಗಾಗಲಿ ತಾಯಿಗಾಗಲಿ ತಡೆಯಲಾಗದ ಸಂಕಟವಾದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.