ಮ್ಯಾಕ್‌ನೊಳಗೆ ವಿಂಡೋಸ್: ತಂತ್ರಾಂಶ ಕೊಳ್ಳುವ ಮೊದಲು ಕೆಲಸವನ್ನು ನೋಡಿ

ಕುರೆಕುಪ್ಪ: ಸಂಡೂರು ತಾಲ್ಲೂಕಿನ ಕುರೆಕುಪ್ಪ, ತೋರಣಗಲ್ಲು ಸುತ್ತಮುತ್ತ ಉಕ್ಕಿನ ಕಾರ್ಖಾನೆಯನ್ನು ನೆಚ್ಚಿಕೊಂಡು ಬದುಕು ಕಟ್ಟಿಕೊಂಡವರು ಬಹಳ ಮಂದಿ. ಕಾರ್ಖಾನೆಗೆ ಸಾಮಗ್ರಿ ಒದಗಿಸುವವರು, ಲಾರಿ ಮಾಲೀಕರು, ಕಾಮಗಾರಿ ಗುತ್ತಿಗೆದಾರರು, ಇವರ ಲೆಕ್ಕ ಬರೆಯುವವರು, ಟೆಂಡರ್ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಕೇಂದ್ರದವರು, ಹೀಗೆ ಪಟ್ಟಿ ಬೆಳೆಯುತ್ತದೆ. ಇಂತಹ ಕಚೇರಿಗಳ ದೈನಂದಿನ ವ್ಯವಹಾರವೆಲ್ಲ ಸಾಮಾನ್ಯವಾಗಿ ವಿಂಡೋಸ್ ಗಣಕಯಂತ್ರವನ್ನೇ ಅವಲಂಬಿಸಿರುತ್ತದೆ.

ಬೆಂಗಳೂರಿನಲ್ಲೋ ವಿದೇಶದಲ್ಲೋ ನೌಕರಿಯಲ್ಲಿರುವ ಮಗ ಅಥವಾ ಮಗಳು ಹೊಸ ಯಂತ್ರ ಕೊಂಡು, ತಮ್ಮ ಹಳೆಯ ಮ್ಯಾಕ್‌ಬುಕ್ ಅನ್ನು ಊರಿನ ಕಚೇರಿಗೆ ಕಳುಹಿಸಿಕೊಟ್ಟರೆಂದು ಭಾವಿಸೋಣ. ಯಂತ್ರವೇನೋ ಸೊಗಸಾಗಿದೆ. ಆದರೆ ಅದರಲ್ಲಿ ಟ್ಯಾಲಿ ತೆರೆಯುವುದಿಲ್ಲ, ನುಡಿ ತಂತ್ರಾಂಶ ನಡೆಯುವುದಿಲ್ಲ. ಆಗ ಪರಿಚಿತರಿಂದ ಸಿಗುವ ಸಲಹೆ ಒಂದೇ: ಹಣ ಕೊಟ್ಟು ವರ್ಚುವಲ್ ತಂತ್ರಾಂಶವೊಂದನ್ನು ಹಾಕಿಸಿ, ಅದರೊಳಗೆ ವಿಂಡೋಸ್ ಓಡಿಸಿ. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದೆ ಹಣ ತೆತ್ತವರಿಗೆ ಟೆಂಡರ್ ಸಲ್ಲಿಸುವ ಕೊನೆಯ ದಿನ ಡಿಜಿಟಲ್ ಸಹಿಯ ಟೋಕನ್ ಕೈಕೊಟ್ಟರೆ, ನಷ್ಟ ತಂತ್ರಾಂಶದ ಬೆಲೆಗೆ ನಿಲ್ಲುವುದಿಲ್ಲ, ಕಾಮಗಾರಿಯೇ ಕೈತಪ್ಪುತ್ತದೆ.

ಒಂದೇ ಮನೆ, ಎರಡು ಸಂಸಾರ

ವರ್ಚುವಲ್ ಯಂತ್ರವೆಂದರೆ ತಂತ್ರಾಂಶದಿಂದಲೇ ಕಟ್ಟಿದ, ತೋರಿಕೆಯ ಗಣಕಯಂತ್ರ. ಮನೆಯ ಮಾಲೀಕ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಂತೆ, ಮ್ಯಾಕ್ ತನ್ನ ಸ್ಮೃತಿಯ ಹಾಗೂ ಸಂಗ್ರಹದ ಒಂದು ಪಾಲನ್ನು ವಿಂಡೋಸ್‌ಗೆ ಬಿಟ್ಟುಕೊಡುತ್ತದೆ. ಒಳಗಿರುವ ವಿಂಡೋಸ್ ತನ್ನದೇ ಸ್ವತಂತ್ರ ಯಂತ್ರದಲ್ಲಿ ಇದ್ದೇನೆಂದೇ ತಿಳಿದಿರುತ್ತದೆ. ಎರಡು ವ್ಯವಸ್ಥೆಗಳೂ ಏಕಕಾಲದಲ್ಲಿ ನಡೆಯುತ್ತವೆ. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸುವ ಅಗತ್ಯವಿಲ್ಲ.

ಈ ಸೌಲಭ್ಯ ಜನಪ್ರಿಯವಾದದ್ದು 2006ರಲ್ಲಿ. ಆ ವರ್ಷ ಆಪಲ್ ಸಂಸ್ಥೆ ತನ್ನ ಗಣಕಗಳಿಗೆ ಇಂಟೆಲ್ ಸಂಸ್ಕಾರಕಗಳನ್ನು ಅಳವಡಿಸತೊಡಗಿತು. ವಿಂಡೋಸ್ ಕೂಡ ಅದೇ ಸಂಸ್ಕಾರಕದ ಭಾಷೆಯಲ್ಲಿ ಬರೆದದ್ದಾದ್ದರಿಂದ ಎರಡಕ್ಕೂ ಹೊಂದಾಣಿಕೆ ಸುಲಭವಾಯಿತು. ಅದೇ ವರ್ಷ ಪ್ಯಾರಲಲ್ಸ್ ಡೆಸ್ಕ್‌ಟಾಪ್, 2007ರಲ್ಲಿ ವಿಎಂವೇರ್ ಫ್ಯೂಷನ್ ಬಂದವು. ಮ್ಯಾಕ್ ಅನ್ನು ನೇರವಾಗಿ ವಿಂಡೋಸ್‌ನಲ್ಲೇ ಆರಂಭಿಸುವ ಬೂಟ್ ಕ್ಯಾಂಪ್ ಸೌಲಭ್ಯವನ್ನು ಆಪಲ್ ತಾನೇ ಉಚಿತವಾಗಿ ನೀಡಿತು.

2020ರಲ್ಲಿ ಬದಲಾದದ್ದು

2020ರ ನವೆಂಬರ್‌ನಲ್ಲಿ ಆಪಲ್ ಇಂಟೆಲ್ ಅನ್ನು ಬಿಟ್ಟು ತನ್ನದೇ ಎಂ1 ಚಿಪ್ ತಂದಿತು. ಇದು ಆರ್ಮ್ ಎಂಬ ಬೇರೆ ವಿನ್ಯಾಸದ್ದು. ಇಂಟೆಲ್‌ಗಾಗಿ ಬರೆದ ಸಾಮಾನ್ಯ ವಿಂಡೋಸ್ ಇದರ ಮೇಲೆ ನೇರವಾಗಿ ನಡೆಯದು. ಬೂಟ್ ಕ್ಯಾಂಪ್ ಸೌಲಭ್ಯವೂ ಈ ಯಂತ್ರಗಳಲ್ಲಿ ಇಲ್ಲ. ಎಂ ಸರಣಿಯ ಮ್ಯಾಕ್‌ನಲ್ಲಿ ಓಡಿಸಬೇಕಾದದ್ದು ಆರ್ಮ್‌ಗಾಗಿಯೇ ಸಿದ್ಧಪಡಿಸಿದ ವಿಂಡೋಸ್ 11. 2023ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಈ ಆವೃತ್ತಿಯ ಪ್ರೊ ಹಾಗೂ ಎಂಟರ್‌ಪ್ರೈಸ್ ಬಗೆಗಳನ್ನು ಪ್ಯಾರಲಲ್ಸ್ ಮೂಲಕ ಬಳಸಲು ಅಧಿಕೃತ ಸಮ್ಮತಿ ನೀಡಿತು.

ಹಾಗಾದರೆ ಟ್ಯಾಲಿಯಂತಹ ಹಳೆಯ ಇಂಟೆಲ್ ತಂತ್ರಾಂಶಗಳ ಗತಿಯೇನು? ಆರ್ಮ್ ವಿಂಡೋಸ್‌ನಲ್ಲಿ ದುಭಾಷಿಯೊಬ್ಬ ಅಡಗಿದ್ದಾನೆ. ಇಂಟೆಲ್ ಭಾಷೆಯಲ್ಲಿ ಬರೆದ 32 ಹಾಗೂ 64 ಬಿಟ್ ತಂತ್ರಾಂಶಗಳನ್ನು ಅವನು ಆರ್ಮ್ ಭಾಷೆಗೆ ತರ್ಜುಮೆ ಮಾಡುತ್ತ ಹೋಗುತ್ತಾನೆ. ಬಹಳಷ್ಟು ತಂತ್ರಾಂಶಗಳು ಹೀಗೆ ತೊಂದರೆಯಿಲ್ಲದೆ ನಡೆಯುತ್ತವೆ. ಆದರೆ ಈ ದುಭಾಷಿಗೆ ಒಂದು ಮಿತಿಯುಂಟು: ಯಂತ್ರಭಾಗಗಳನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್‌ಗಳನ್ನು ಆತ ತರ್ಜುಮೆ ಮಾಡಲಾರ. ಮುದ್ರಕ, ಸ್ಕ್ಯಾನರ್, ಡಾಂಗಲ್, ಸಹಿಯ ಟೋಕನ್, ಇವುಗಳಿಗೆ ಪ್ರತ್ಯೇಕ ಡ್ರೈವರ್ ಬೇಕಿದ್ದರೆ ಅದು ಆರ್ಮ್‌ಗಾಗಿಯೇ ತಯಾರಾಗಿರಬೇಕು. ಮುಂದಿನ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ.

ಕೈಯಲ್ಲಿರುವ ಮ್ಯಾಕ್ ಯಾವ ಬಗೆಯದೆಂದು ತಿಳಿಯುವುದು ಸುಲಭ. ಪರದೆಯ ಎಡ ಮೇಲ್ತುದಿಯ ಸೇಬಿನ ಗುರುತನ್ನು ಒತ್ತಿ 'ಅಬೌಟ್ ದಿಸ್ ಮ್ಯಾಕ್' ಆಯ್ದರೆ, ಚಿಪ್ ಎಂ1, ಎಂ2 ಇತ್ಯಾದಿ ಅಥವಾ ಇಂಟೆಲ್ ಎಂಬುದು ಕಾಣುತ್ತದೆ. ಇಂಟೆಲ್ ಮ್ಯಾಕ್ ಇದ್ದವರಿಗೆ ಡ್ರೈವರ್‌ಗಳ ಕಾಟ ಕಡಿಮೆ. ಆದರೆ ಬೂಟ್ ಕ್ಯಾಂಪ್ ಬೆಂಬಲಿಸುವುದು ವಿಂಡೋಸ್ 10ರವರೆಗೆ ಮಾತ್ರ. ಅದಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. 2025ರಲ್ಲಿ ಬಂದ ಮ್ಯಾಕ್‌ಒಎಸ್ 26 ಇಂಟೆಲ್ ಯಂತ್ರಗಳಿಗೆ ದೊರೆಯುವ ಕೊನೆಯ ಆವೃತ್ತಿಯೆಂದು ಆಪಲ್ ಪ್ರಕಟಿಸಿದೆ. ಇಂತಹ ಯಂತ್ರದ ಮೇಲೆ ಹೊಸದಾಗಿ ಹೆಚ್ಚು ಹಣ ಹೂಡುವುದು ಜಾಣತನವಲ್ಲ.

ವಿಂಡೋಸ್ ಬೇಕೇ ಬೇಕೇ?

ತಂತ್ರಾಂಶ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಜಾಲತಾಣದಲ್ಲಿಯೇ ಮುಗಿಯುವ ಕೆಲಸಕ್ಕೆ ವಿಂಡೋಸ್ ಬೇಡ. ವರ್ಡ್, ಎಕ್ಸೆಲ್ ಮ್ಯಾಕ್‌ಗೂ ಇವೆ. ಆಟೋಕ್ಯಾಡ್ 2010ರಿಂದ ಮ್ಯಾಕ್ ಆವೃತ್ತಿಯಲ್ಲಿಯೂ ದೊರೆಯುತ್ತಿದೆ.

ಕನ್ನಡದ ಬೆರಳಚ್ಚಿನ ವಿಷಯ ಸ್ವಲ್ಪ ಬೇರೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ 2000ದ ದಶಕದ ಆರಂಭದಿಂದ ಸರ್ಕಾರಿ ಕಚೇರಿಗಳಲ್ಲಿಯೂ ಡಿಟಿಪಿ ಕೇಂದ್ರಗಳಲ್ಲಿಯೂ ಬೇರೂರಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುವ ವಿದ್ಯಾರ್ಥಿಗಾಗಲಿ, ಹೊಸಪೇಟೆ, ಕಂಪ್ಲಿಯ ಮುದ್ರಣಾಲಯದವರಿಗಾಗಲಿ ಹಳೆಯ ನುಡಿ ಕಡತಗಳು ಎದುರಾಗದೆ ಇರುವುದಿಲ್ಲ. ಇವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿವೆ. ನುಡಿ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುವುದು ಇದೇ ಕಾರಣಕ್ಕೆ.

ಇಂತಹ ಕಡತವನ್ನು ಓದುವುದಷ್ಟೇ ಉದ್ದೇಶವಾದರೆ, ನುಡಿಯ ಅಕ್ಷರಶೈಲಿಯ ಕಡತವನ್ನು ಮ್ಯಾಕ್‌ಗೆ ಅಳವಡಿಸಿದರೆ ಸಾಮಾನ್ಯವಾಗಿ ಸಾಕು. ತಿದ್ದಿ ಮುಂದುವರಿಸಬೇಕಾದರೆ ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಾಯಿಸಿಕೊಳ್ಳುವುದು ಶಾಶ್ವತ ಪರಿಹಾರ. ಮ್ಯಾಕ್‌ನಲ್ಲಿ ಕನ್ನಡದ ಯುನಿಕೋಡ್ ಅಕ್ಷರಶೈಲಿ, ಕೀಲಿಮಣೆ ಎರಡೂ ಮೊದಲೇ ಇವೆ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಪರಿಶೀಲಿಸುವುದು ಅವಶ್ಯ. ನುಡಿಯಲ್ಲಿಯೇ ದಿನವಿಡೀ ಬೆರಳಚ್ಚು ಮಾಡಬೇಕಾದವರಿಗೆ ಮಾತ್ರ ವಿಂಡೋಸ್ ಅನಿವಾರ್ಯ.

ಬೆಂಗಳೂರಿನ ಸಂಸ್ಥೆಯೇ ರೂಪಿಸಿದ ಟ್ಯಾಲಿ ಇಂದಿಗೂ ವಿಂಡೋಸ್ ತಂತ್ರಾಂಶವೇ. ಆದ್ದರಿಂದ ಲೆಕ್ಕಪತ್ರದವರು ಮುಂದಿನ ಆಯ್ಕೆಗಳನ್ನು ಗಮನಿಸಬೇಕಾಗುತ್ತದೆ.

ಆಯ್ಕೆಗಳು ಯಾವುವು?

ಪ್ಯಾರಲಲ್ಸ್ ಡೆಸ್ಕ್‌ಟಾಪ್: ಬಳಸಲು ಅತಿ ಸುಲಭ. ಆರ್ಮ್ ವಿಂಡೋಸ್ ಅನ್ನು ತಾನೇ ಇಳಿಸಿಕೊಂಡು ಅನುಸ್ಥಾಪಿಸುತ್ತದೆ. ವಿಂಡೋಸ್ ತಂತ್ರಾಂಶದ ಕಿಟಕಿಯನ್ನು ಮ್ಯಾಕ್ ಕಿಟಕಿಗಳ ನಡುವೆಯೇ ತೋರಿಸುವ ಸೌಲಭ್ಯವೂ ಇದೆ. ಆದರೆ ಇದಕ್ಕೆ ಹಣ ತೆರಬೇಕು. ವಾರ್ಷಿಕ ಚಂದಾ ಅಥವಾ ಒಮ್ಮೆಲೇ ಖರೀದಿ ಎಂಬ ಎರಡು ಬಗೆಗಳಿವೆ. ಒಮ್ಮೆಲೇ ಖರೀದಿಸಿದವರಿಗೆ ಮುಂದಿನ ಹೊಸ ಆವೃತ್ತಿ ಉಚಿತವಾಗಿ ದೊರೆಯುವುದಿಲ್ಲ. ಕೊಳ್ಳುವ ಮುನ್ನ ಪರೀಕ್ಷಾರ್ಥವಾಗಿ ಬಳಸಿ ನೋಡಲು ಅವಕಾಶವಿದೆ.

ವಿಎಂವೇರ್ ಫ್ಯೂಷನ್: 2023ರಲ್ಲಿ ವಿಎಂವೇರ್ ಅನ್ನು ಕೊಂಡ ಬ್ರಾಡ್‌ಕಾಮ್ ಸಂಸ್ಥೆ, 2024ರ ಮೇ ತಿಂಗಳಲ್ಲಿ ಇದನ್ನು ವೈಯಕ್ತಿಕ ಬಳಕೆಗೂ ಅದೇ ವರ್ಷ ನವೆಂಬರ್‌ನಲ್ಲಿ ವಾಣಿಜ್ಯ ಬಳಕೆಗೂ ಉಚಿತಗೊಳಿಸಿತು. ಸಣ್ಣ ಕಚೇರಿಗಳಿಗೆ ಇದು ದೊಡ್ಡ ಅನುಕೂಲ. ಇಳಿಸಿಕೊಳ್ಳಲು ಸಂಸ್ಥೆಯ ತಾಣದಲ್ಲಿ ಖಾತೆ ತೆರೆದು ನೋಂದಾಯಿಸಿಕೊಳ್ಳಬೇಕು; ಆ ಹಾದಿ ತುಸು ಸುತ್ತುಬಳಸಿನದು.

ವರ್ಚುವಲ್‌ಬಾಕ್ಸ್: ಒರಾಕಲ್ ಸಂಸ್ಥೆಯ ಈ ಮುಕ್ತ ತಂತ್ರಾಂಶ ಇಂಟೆಲ್ ಮ್ಯಾಕ್‌ಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಎಂ ಸರಣಿಯ ಯಂತ್ರಗಳಲ್ಲಿ ಆರ್ಮ್ ವಿಂಡೋಸ್‌ಗೆ ಇದು ಬೆಂಬಲ ಒದಗಿಸಿದ್ದು 2025ರಲ್ಲಿ. ಈ ವಿಷಯದಲ್ಲಿ ಉಳಿದೆರಡಕ್ಕಿಂತ ಇದರ ಅನುಭವ ಕಡಿಮೆ.

ಯುಟಿಎಂ: ಇದೂ ಮುಕ್ತ ತಂತ್ರಾಂಶ. ತಯಾರಕರ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಇದರ ವೈಶಿಷ್ಟ್ಯವೆಂದರೆ ಇಂಟೆಲ್ ಸಂಸ್ಕಾರಕವನ್ನೇ ಸಂಪೂರ್ಣವಾಗಿ ಅನುಕರಿಸಿ, ವಿಂಡೋಸ್ ಎಕ್ಸ್‌ಪಿಯಂತಹ ಹಳೆಯ ವ್ಯವಸ್ಥೆಯನ್ನೂ ಓಡಿಸಬಲ್ಲದು. 2001ರ ನಂತರ ಹೊಸ ಆವೃತ್ತಿ ಕಾಣದ ಪೇಜ್‌ಮೇಕರ್‌ನಲ್ಲಿ ಸಿದ್ಧವಾದ ಹಳೆಯ ಪುಸ್ತಕದ ಕಡತ ತೆರೆಯಬೇಕಾದವರಿಗೆ ಇದು ಉಪಯೋಗಕ್ಕೆ ಬರಬಹುದು. ವೇಗ ಮಾತ್ರ ಬಹಳ ಕಡಿಮೆ. ನಿತ್ಯದ ಕೆಲಸಕ್ಕೆ ಒಗ್ಗದು.

ಕ್ರಾಸ್‌ಓವರ್: ಇದು ವರ್ಚುವಲ್ ಯಂತ್ರವಲ್ಲ. ವಿಂಡೋಸ್ ಇಲ್ಲದೆಯೇ ಕೆಲವು ವಿಂಡೋಸ್ ತಂತ್ರಾಂಶಗಳನ್ನು ಮ್ಯಾಕ್‌ನಲ್ಲಿ ನಡೆಸುತ್ತದೆ. ವಿಂಡೋಸ್ ಪರವಾನಗಿಯ ಖರ್ಚು ಉಳಿಯುತ್ತದೆ. ಎಲ್ಲ ತಂತ್ರಾಂಶಗಳೂ ಇದಕ್ಕೆ ಹೊಂದುವುದಿಲ್ಲವಾದ್ದರಿಂದ ಪರೀಕ್ಷಿಸದೆ ಕೊಳ್ಳಬಾರದು.

ಟೋಕನ್ ಎಂಬ ಮುಳ್ಳು

ಸರ್ಕಾರಿ ಟೆಂಡರ್‌ಗಳಿಗೆ ಹಾಗೂ ಕಂಪನಿಗಳ ವಿವರಣಾಪತ್ರಗಳಿಗೆ ಡಿಜಿಟಲ್ ಸಹಿ ಬೇಕು. ಆ ಸಹಿಯ ಗುಟ್ಟಿನ ಕೀಲಿ ಯುಎಸ್‌ಬಿ ಟೋಕನ್‌ನೊಳಗೆ ಇರುತ್ತದೆ. ಅದು ನಡೆಯಲು ಟೋಕನ್‌ನ ಡ್ರೈವರ್, ಜಾಲತಾಣಕ್ಕೂ ಟೋಕನ್‌ಗೂ ಸೇತುವಾಗುವ ಸಹಾಯಕ ತಂತ್ರಾಂಶ, ಇವೆರಡೂ ಸರಿಹೊಂದಬೇಕು. ಎಂ ಸರಣಿಯ ಮ್ಯಾಕ್‌ನೊಳಗಿನ ಆರ್ಮ್ ವಿಂಡೋಸ್‌ನಲ್ಲಿ ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಸಹಿ ಬೀಳದು. ಎಷ್ಟೇ ಬೆಲೆಯ ವರ್ಚುವಲ್ ತಂತ್ರಾಂಶ ಕೊಂಡರೂ ಇಲ್ಲದ ಡ್ರೈವರ್ ಅನ್ನು ಅದು ಸೃಷ್ಟಿಸಲಾರದು.

ಆದ್ದರಿಂದ ಟೋಕನ್ ನೀಡಿದವರನ್ನು ಎರಡು ಮಾತು ಕೇಳಬೇಕು: ಮ್ಯಾಕ್‌ಗೆ ಡ್ರೈವರ್ ಇದೆಯೇ? ಆರ್ಮ್ ವಿಂಡೋಸ್‌ಗೆ ಇದೆಯೇ? ಕೆಲವು ಟೋಕನ್‌ಗಳಿಗೆ ಮ್ಯಾಕ್‌ನ ಡ್ರೈವರ್ ದೊರೆಯುತ್ತದೆ. ಸಂಬಂಧಿಸಿದ ಜಾಲತಾಣವೂ ಮ್ಯಾಕ್‌ಗೆ ಅವಕಾಶ ಕೊಟ್ಟರೆ ವಿಂಡೋಸ್‌ನ ಗೊಡವೆಯೇ ಬೇಡ. ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ, ಸಹಿಗಾಗಿ ಇಂಟೆಲ್ ಸಂಸ್ಕಾರಕದ ಹಳೆಯ ವಿಂಡೋಸ್ ಗಣಕವೊಂದನ್ನು ಉಳಿಸಿಕೊಳ್ಳುವುದೇ ಕ್ಷೇಮ.

ಆ ಹಳೆಯ ಗಣಕದಲ್ಲಿ ವಿಂಡೋಸ್ ಪ್ರೊ ಇದ್ದರೆ, ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶದ ಮೂಲಕ ಮ್ಯಾಕ್‌ನಿಂದಲೇ ಅದನ್ನು ದೂರದಿಂದ ನಡೆಸಬಹುದು. ಟ್ಯಾಲಿ, ನುಡಿ ಎರಡಕ್ಕೂ ಇದು ಅಗ್ಗದ ದಾರಿ. ಆದರೆ ಹೀಗೆ ದೂರದಿಂದ ಪ್ರವೇಶಿಸಿದಾಗ ಆ ಗಣಕಕ್ಕೆ ಸಿಕ್ಕಿಸಿದ ಟೋಕನ್ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸಹಿ ಹಾಕಲು ಅದರ ಮುಂದೆಯೇ ಕುಳಿತುಕೊಳ್ಳಬೇಕು.

ಸ್ಮೃತಿ, ಸ್ಥಳ, ಸೆಕೆ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ ಹಾಗೂ 64 ಜಿಬಿ ಸಂಗ್ರಹ ಬೇಕೆಂದು ಮೈಕ್ರೋಸಾಫ್ಟ್ ನಿಗದಿಪಡಿಸಿದೆ. 8 ಜಿಬಿಯ ಮ್ಯಾಕ್‌ನಲ್ಲಿ ಅರ್ಧವನ್ನು ವಿಂಡೋಸ್‌ಗೆ ಕೊಟ್ಟರೆ ಉಳಿದರ್ಧದಲ್ಲಿ ಮ್ಯಾಕ್ ಇಕ್ಕಟ್ಟಿಗೆ ಸಿಲುಕುತ್ತದೆ. ಲೆಕ್ಕ ಬರೆಯುವ ಕೆಲಸ ಹೇಗೋ ನಡೆದೀತು. ಹಗಲಿಡೀ ಹತ್ತಾರು ಕಿಟಕಿ ತೆರೆದಿಡುವವರಿಗೆ 16 ಜಿಬಿ ಬೇಕು. 256 ಜಿಬಿ ಸಂಗ್ರಹದ ಯಂತ್ರವಾದರೆ ಅದರ ಕಾಲು ಭಾಗ ವಿಂಡೋಸ್‌ಗೇ ಮೀಸಲಾಗಬಹುದೆಂಬ ಲೆಕ್ಕವಿರಲಿ.

ಎಂ ಸರಣಿಯ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ. ಬಿಸಿಯೇರಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ ಎರಡು ವ್ಯವಸ್ಥೆಗಳನ್ನು ಒಟ್ಟಿಗೆ ದುಡಿಸುವವರು ಇದನ್ನು ಮರೆಯಬಾರದು.

ಇನ್ನು ಪರವಾನಗಿ. ವರ್ಚುವಲ್ ತಂತ್ರಾಂಶದ ಬೆಲೆಯಲ್ಲಿ ವಿಂಡೋಸ್‌ನ ಬೆಲೆ ಸೇರಿರುವುದಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕು. ನಂಬಲಾಗದಷ್ಟು ಅಗ್ಗಕ್ಕೆ ಮಾರುವ ಕೀಲಿಸಂಖ್ಯೆಗಳನ್ನು ನೆಚ್ಚಿ ವ್ಯಾಪಾರದ ಲೆಕ್ಕವನ್ನು ಅದರೊಳಗೆ ಇಡುವುದು ಅಪಾಯಕರ.

ಯಾರಿಗೆ ಯಾವುದು?

ಎಂ ಸರಣಿಯ ಮ್ಯಾಕ್‌ನಲ್ಲಿ ಟ್ಯಾಲಿ ಅಥವಾ ನುಡಿ ಮಾತ್ರ ಬೇಕಾದವರು ಮೊದಲು ಉಚಿತವಾದ ಫ್ಯೂಷನ್‌ನಲ್ಲಿ ಪ್ರಯತ್ನಿಸಬಹುದು. ಅನುಸ್ಥಾಪನೆಯ ತಾಪತ್ರಯ ಬೇಡ, ತೊಂದರೆಯಾದಾಗ ಕೇಳಲು ಒಬ್ಬರಿರಬೇಕು ಎನ್ನುವವರಿಗೆ ಪ್ಯಾರಲಲ್ಸ್ ಯೋಗ್ಯ. ಹಳೆಯ ಕಡತಗಳನ್ನು ಅಪರೂಪಕ್ಕೆ ತೆರೆಯುವವರಿಗೆ ಯುಟಿಎಂ ಸಾಕು. ಡಿಜಿಟಲ್ ಸಹಿಯೇ ಮುಖ್ಯ ಕೆಲಸವಾದವರು ಟೋಕನ್‌ನ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವುದಕ್ಕೂ ಹಣ ಕಟ್ಟದಿರುವುದು ಲೇಸು.

ಯಾವುದನ್ನು ಆರಿಸಿದರೂ, ಹಳೆಯ ಗಣಕವನ್ನು ಮಾರುವ ಮೊದಲು ಒಂದು ತಿಂಗಳ ವ್ಯವಹಾರವನ್ನು ಹೊಸ ವ್ಯವಸ್ಥೆಯಲ್ಲಿ ನಡೆಸಿ ನೋಡಬೇಕು. ಬಿಲ್ ಮುದ್ರಿಸಬೇಕು, ಬ್ಯಾಕಪ್ ತೆಗೆದು ಮತ್ತೆ ತೆರೆಯಬೇಕು, ಅವಸರವಿಲ್ಲದ ದಾಖಲೆಯೊಂದಕ್ಕೆ ಸಹಿ ಹಾಕಿ ನೋಡಬೇಕು. ಇವೆಲ್ಲ ಸುಸೂತ್ರವಾಗಿ ನಡೆದ ಮೇಲೆ ಹಳೆಯ ಯಂತ್ರಕ್ಕೆ ವಿಶ್ರಾಂತಿ ಕೊಡಬಹುದು.