ಮಾದರಿ ಎಂಜಿನಿನ ದನಿ

ದೊಡ್ಡದಾಗಿ ಕಂಡುದನ್ನು ಕಿರಿದಾಗಿಸಿ ಮನೆಯೊಳಗೆ ಇರಿಸಿಕೊಳ್ಳುವ ಆಸೆ ಮನುಷ್ಯನಿಗೆ ಸಹಜವಾದುದು. ನವರಾತ್ರಿಯ ಬೊಂಬೆಗಳ ಸಾಲಿನಲ್ಲಿ ಆನೆ, ಅಂಬಾರಿ, ಅರಮನೆಗಳು ಗೇಣುದ್ದವಾಗಿ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಯುರೋಪಿನಲ್ಲಿ ಈ ಆಸೆ ರೈಲಿನ ಕಡೆಗೆ ಹರಿಯಿತು. 1891ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಮೇಳದಲ್ಲಿ ಮಾರ್ಕ್ಲಿನ್ ಎಂಬ ಆಟಿಕೆಯ ಸಂಸ್ಥೆಯು ಹಳಿಗಳ ಸಮೇತ ಓಡುವ ಪುಟ್ಟ ರೈಲೊಂದನ್ನು ಪ್ರದರ್ಶಿಸಿತು. ಅದು ಕೀಲಿ ಕೊಟ್ಟರೆ ಓಡುತ್ತಿದ್ದ ರೈಲು. ಮುಂದೆ ಇಂತಹ ರೈಲುಗಳಿಗೆ ವಿದ್ಯುತ್ತಿನ ಮೋಟಾರು ಬಂದಿತು. ಇಂದು ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲುಗಳು ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಭಾಗದಷ್ಟಿರುತ್ತವೆ. ಅವುಗಳ ಎರಡು ಹಳಿಗಳ ನಡುವಿನ ಅಂತರ ಕೇವಲ 16.5 ಮಿಲಿಮೀಟರ್. ಇಪ್ಪತ್ತು ಮೀಟರ್ ಉದ್ದದ ಎಂಜಿನು ಈ ಅಳತೆಯಲ್ಲಿ ಇಪ್ಪತ್ತಮೂರು ಸೆಂಟಿಮೀಟರಿಗೆ ಇಳಿಯುತ್ತದೆ.

ಆಕಾರವನ್ನು ಕಿರಿದು ಮಾಡುವುದು ಕುಶಲಿಗಳಿಗೆ ಕಷ್ಟವಾಗಲಿಲ್ಲ. ಆದರೆ ಬೆಳಕನ್ನೂ ದನಿಯನ್ನೂ ಎಂಜಿನಿಗೆ ಸರಿಯಾಗಿ ಕೂಡಿಸುವುದು ಬಹುಕಾಲ ಸಾಧ್ಯವಾಗಲಿಲ್ಲ. ಹಿಂದಿನ ಪದ್ಧತಿಯಲ್ಲಿ ಸುಮಾರು ಹನ್ನೆರಡು ವೋಲ್ಟುಗಳವರೆಗಿನ ವಿದ್ಯುತ್ತನ್ನು ಹಳಿಗಳಿಗೆ ಕೊಡುತ್ತಿದ್ದರು. ವೋಲ್ಟೇಜನ್ನು ಹೆಚ್ಚಿಸಿದರೆ ಎಂಜಿನು ವೇಗವಾಗಿ ಓಡುತ್ತಿತ್ತು, ತಗ್ಗಿಸಿದರೆ ನಿಧಾನವಾಗುತ್ತಿತ್ತು. ದೀಪವೂ ಅದೇ ವಿದ್ಯುತ್ತನ್ನು ನಂಬಿಕೊಂಡಿದ್ದುದರಿಂದ ಎಂಜಿನು ನಿಂತೊಡನೆ ದೀಪವೂ ಆರಿಹೋಗುತ್ತಿತ್ತು. ನಿಜವಾದ ಎಂಜಿನು ಹಾಗೆ ಮಾಡುತ್ತದೆಯೆ? ನಡುರಾತ್ರಿಯಲ್ಲಿ ನಿಲ್ದಾಣದಲ್ಲಿ ನಿಂತ ಎಂಜಿನಿನ ದೀಪ ಪ್ರಜ್ವಲಿಸುತ್ತಲೇ ಇರುತ್ತದೆ. ಅದರ ಉಸಿರಾಟವೂ ಕೇಳುತ್ತಿರುತ್ತದೆ. ಅಷ್ಟೇ ಅಲ್ಲದೆ, ಒಂದೇ ಹಳಿಯ ಮೇಲೆ ಎರಡು ಎಂಜಿನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು, ಒಟ್ಟಿಗೆ ನಿಲ್ಲುತ್ತಿದ್ದವು. ಎಂಜಿನಿಗೆ ಬೇಕಾದ ಶಕ್ತಿ ಮತ್ತು ಅದಕ್ಕೆ ನಾವು ಕೊಡುವ ಆಜ್ಞೆ ಎರಡೂ ಒಂದೇ ಆಗಿದ್ದುದೇ ಈ ಕೊರತೆಗೆ ಕಾರಣ.

ಇವೆರಡನ್ನೂ ಬೇರ್ಪಡಿಸಿದುದೇ ಹೊಸ ಪದ್ಧತಿಯ ಹಿರಿಮೆ. ಜರ್ಮನಿಯ ಲೆನ್ಜ್ ಸಂಸ್ಥೆಯು ರೂಪಿಸಿದ ಕ್ರಮವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘವು 1990ರ ದಶಕದಲ್ಲಿ ಇದಕ್ಕೆ ಸಮಾನ ನಿಯಮಗಳನ್ನು ಗೊತ್ತುಪಡಿಸಿತು. ಈ ಪದ್ಧತಿಯಲ್ಲಿ ಹಳಿಗಳಲ್ಲಿ ಸದಾಕಾಲವೂ ಪೂರ್ಣ ವೋಲ್ಟೇಜು ಇರುತ್ತದೆ. ಆದರೆ ಅದರ ಧನ ಮತ್ತು ಋಣ ದಿಕ್ಕುಗಳು ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತಿರುತ್ತವೆ. ಒಂದು ದಿಕ್ಕಿನಲ್ಲಿ 58 ಮೈಕ್ರೋಸೆಕೆಂಡುಗಳಷ್ಟು ಕಾಲ ನಿಂತು ಬದಲಾದರೆ ಅದು ‘ಒಂದು’ ಎಂಬ ಅಂಕೆ. 100 ಮೈಕ್ರೋಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ‘ಸೊನ್ನೆ’. ಒಂದು ಸೊನ್ನೆಗಳ ಈ ಸಾಲಿನಲ್ಲಿಯೇ ಆಜ್ಞೆಗಳು ಅಡಗಿರುತ್ತವೆ. ತರಗತಿಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುವಾಗ ಹೆಸರು ಎಲ್ಲರ ಕಿವಿಗೂ ಬೀಳುತ್ತದೆ. ಆದರೆ ಆ ಹೆಸರಿನವನು ಮಾತ್ರ ಓಗೊಡುತ್ತಾನೆ. ಹಾಗೆಯೇ ಪ್ರತಿಯೊಂದು ಎಂಜಿನಿಗೂ ಒಂದು ಸಂಖ್ಯೆಯಿದೆ. ತನ್ನ ಸಂಖ್ಯೆಯ ಆಜ್ಞೆಯನ್ನು ಮಾತ್ರ ಆರಿಸಿಕೊಂಡು ನಡೆಸಿಕೊಡುವ, ಬೆರಳ ತುದಿಯಷ್ಟಗಲದ ಸಾಧನವೇ ಡಿಕೋಡರ್.

ಹಳೆಯ ಎಂಜಿನಿಗೆ ಡಿಕೋಡರನ್ನು ಅಳವಡಿಸುವ ಕೆಲಸ ಅಕ್ಕಸಾಲಿಗನ ತಾಳ್ಮೆಯನ್ನು ಬೇಡುತ್ತದೆ. ಮೊದಲು ಎಂಜಿನಿನ ಮೇಲ್ಕವಚವನ್ನು ಬಿಚ್ಚಿ, ಮೋಟಾರಿಗೂ ಹಳಿಗೂ ಇರುವ ನೇರ ಸಂಪರ್ಕವನ್ನು ಸಂಪೂರ್ಣವಾಗಿ ಕಡಿಯಬೇಕು. ಹಳಿಯ ವಿದ್ಯುತ್ತು ಮೊದಲು ಡಿಕೋಡರಿಗೆ ಬಂದು, ಅಲ್ಲಿಂದ ಮೋಟಾರಿಗೆ ಹೋಗಬೇಕಲ್ಲದೆ ಅಡ್ಡದಾರಿ ಹಿಡಿಯಕೂಡದು. ಕೂದಲೆಳೆಯಷ್ಟು ಸ್ಪರ್ಶ ಉಳಿದರೂ ಡಿಕೋಡರ್ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಬಲಗಡೆಯ ಹಳಿಗೆ ಕೆಂಪು ತಂತಿ, ಎಡಗಡೆಯ ಹಳಿಗೆ ಕಪ್ಪು ತಂತಿ, ಮೋಟಾರಿಗೆ ಕಿತ್ತಳೆ ಮತ್ತು ಬೂದು ಬಣ್ಣದ ತಂತಿಗಳು, ಮುಂದಿನ ದೀಪಕ್ಕೆ ಬಿಳಿ, ಹಿಂದಿನದಕ್ಕೆ ಹಳದಿ, ದೀಪಗಳೆರಡಕ್ಕೂ ಸಮಾನವಾಗಿ ಧನ ವಿದ್ಯುತ್ತನ್ನು ಒದಗಿಸಲು ನೀಲಿ ಎಂದು ಬಣ್ಣಗಳೂ ಗೊತ್ತಾಗಿವೆ.

ದೀಪಗಳಿಗೆ ಈಗ ಎಲ್.ಇ.ಡಿ.ಗಳನ್ನು ಬಳಸುತ್ತಾರೆ. ಇವನ್ನು ನೇರವಾಗಿ ಜೋಡಿಸಿದರೆ ಹೆಚ್ಚು ವಿದ್ಯುತ್ತು ಹರಿದು ಕೆಟ್ಟುಹೋಗುತ್ತವೆ. ಇಲ್ಲಿ ಓಮನ ನಿಯಮ ನೆರವಿಗೆ ಬರುತ್ತದೆ. ಡಿಕೋಡರಿನಿಂದ 14 ವೋಲ್ಟ್ ಬರುತ್ತದೆ, ಬಿಳಿ ಎಲ್.ಇ.ಡಿ.ಗೆ 3 ವೋಲ್ಟ್ ಸಾಕು ಎಂದಿಟ್ಟುಕೊಳ್ಳಿ. ಉಳಿದ 11 ವೋಲ್ಟನ್ನು ರೋಧಕವು ತಡೆದುಕೊಳ್ಳಬೇಕು. 1000 ಓಮ್ ರೋಧಕವನ್ನಿಟ್ಟರೆ ಹರಿಯುವ ವಿದ್ಯುತ್ತು 11 ಮಿಲಿಆಂಪಿಯರ್. ದೀಪ ಬೆಳಗಲು ಇಷ್ಟು ಸಾಕು. ಪುಸ್ತಕದಲ್ಲಿ ಕಲಿತ ಸೂತ್ರವೊಂದು ಹೀಗೆ ಪುಟ್ಟ ದೀಪವನ್ನು ಕಾಯುತ್ತದೆ!

ದನಿಯ ಕೆಲಸ ಇನ್ನೂ ಸ್ವಾರಸ್ಯವಾದುದು. ಸ್ಪೀಕರಿನ ತೆಳುಪದರ ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಇವೆರಡೂ ಬೆರೆತರೆ ಒಂದನ್ನೊಂದು ನುಂಗಿಹಾಕಿ ದನಿ ಬಡವಾಗುತ್ತದೆ. ಆದುದರಿಂದ ಸ್ಪೀಕರಿನ ಹಿಂಬದಿಗೆ ಗಾಳಿಯಾಡದಂತೆ ಪುಟ್ಟ ಪೆಟ್ಟಿಗೆಯೊಂದನ್ನು ಕೂಡಿಸಬೇಕು. ಉಗಿ ಎಂಜಿನಿನ ಮಾದರಿಯಲ್ಲಿ ಕಲ್ಲಿದ್ದಲು ತುಂಬುವ ಹಿಂಗಾಡಿಯೇ ಇದಕ್ಕೆ ತಕ್ಕ ಸ್ಥಳ. ದನಿಯು ಚಕ್ರದ ಗತಿಗೆ ಹೊಂದಬೇಕು. ಎರಡು ಸಿಲಿಂಡರುಗಳ ಉಗಿ ಎಂಜಿನು ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಉಗಿಯನ್ನು ಹೊರಗೆಡಹುತ್ತದೆ. ಮಾದರಿಯಲ್ಲಿಯೂ ಸುತ್ತಿಗೆ ನಾಲ್ಕು ಸಲ ‘ಛುಕ್’ ಎನ್ನಬೇಕು. ಡಿಕೋಡರ್ ಮೋಟಾರಿಗೆ ಕೊಡುವ ವಿದ್ಯುತ್ತನ್ನು ಆಗಾಗ ಕ್ಷಣಾಂಶದಷ್ಟು ನಿಲ್ಲಿಸಿ, ತಿರುಗುತ್ತಿರುವ ಮೋಟಾರು ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ವೇಗವನ್ನು ತಿಳಿದುಕೊಳ್ಳುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆಯೂ ಅವಸರ ಸಲ್ಲದು. ಮೇಲ್ಕವಚವನ್ನು ಮುಚ್ಚುವ ಮೊದಲು, ಮಿತವಾದ ವಿದ್ಯುತ್ತು ಮಾತ್ರ ಹರಿಯುವ ಪರೀಕ್ಷಾ ಹಳಿಯ ಮೇಲೆ ಎಂಜಿನನ್ನು ಇರಿಸಿ ನೋಡಬೇಕು. ತಪ್ಪು ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಹಾನಿಯ ಭಯ ಕಡಿಮೆ.

ಇಷ್ಟೊಂದು ಶ್ರಮ ಒಂದು ಆಟಿಕೆಗೆ ಬೇಕೆ ಎಂದು ಕೇಳುವವರುಂಟು. ಆ ದನಿ ಎಲ್ಲಿಂದ ಬಂದಿತೆಂಬುದನ್ನು ನೆನೆದರೆ ಉತ್ತರ ದೊರೆಯುತ್ತದೆ. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನಿನ ದೈನಂದಿನ ಓಡಾಟ 1968ರಲ್ಲಿ ಮುಗಿಯಿತು. ಪಶ್ಚಿಮ ಜರ್ಮನಿಯಲ್ಲಿ 1977ರಲ್ಲಿ. ನಮ್ಮ ಚಿತ್ತರಂಜನ್ ಕಾರ್ಖಾನೆಯಲ್ಲಿ ಉಗಿ ಎಂಜಿನುಗಳ ತಯಾರಿಕೆ 1972ರಲ್ಲಿ ನಿಂತಿತು. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಉಗಿ ಎಂಜಿನುಗಳನ್ನು ಕಾಣಬಹುದು, ಮುಟ್ಟಬಹುದು. ಆದರೆ ಅವು ಮೌನವಾಗಿ ನಿಂತಿವೆ. ಕಬ್ಬಿಣವನ್ನು ಬಣ್ಣ ಬಳಿದು ಕಾಪಾಡಬಹುದು. ದನಿ ಹಾಗಲ್ಲ, ಎಂಜಿನಿನ ಬೆಂಕಿ ಆರಿದೊಡನೆ ಅದೂ ಆರಿಹೋಗುತ್ತದೆ. ಇನ್ನೂ ಓಡುತ್ತಿರುವ ಕೆಲವು ಹಳೆಯ ಎಂಜಿನುಗಳ ಬಳಿಗೆ ಹೋಗಿ, ಅವುಗಳ ಸಿಳ್ಳೆಯನ್ನೂ ಏದುಸಿರನ್ನೂ ಧ್ವನಿಮುದ್ರಿಸಿಕೊಂಡು ಡಿಕೋಡರುಗಳ ಸ್ಮೃತಿಯಲ್ಲಿ ತುಂಬಿದವರಿದ್ದಾರೆ. ಅಂಗೈಯಷ್ಟು ಉದ್ದದ ಎಂಜಿನು ಮೇಜಿನ ಮೇಲೆ ಸಿಳ್ಳೆ ಹಾಕಿದಾಗ ಕೇಳಿಸುವುದು ಅಂತಹ ಹಿರಿಯ ಎಂಜಿನಿನ ಉಸಿರು. ನಮ್ಮ ಸುತ್ತಲೂ ಎತ್ತಿನ ಗಾಣ, ಕೈಮಗ್ಗ, ಬೀಸುವ ಕಲ್ಲುಗಳ ದನಿಗಳು ಒಂದೊಂದಾಗಿ ಕ್ಷೀಣಿಸುತ್ತಿವೆ. ಅವು ಕೇಳಿಸುವಷ್ಟು ಕಾಲ ಕಿವಿಗೊಟ್ಟು ಕೇಳಿ, ಸಾಧ್ಯವಾದರೆ ಮುದ್ರಿಸಿ ಉಳಿಸುವುದು ನಿಮ್ಮಂತಹ ಎಳೆಯರಿಂದ ಆಗಬಹುದಾದ ಕೆಲಸ.