ಇಮೇಜ್ ತೆಗೆಯುವ ಮುನ್ನ ಡಿಸ್ಕಿನ ಆರೋಗ್ಯ

ಆಳಂದ ತಾಲ್ಲೂಕಿನ ಹಿರೋಳ್ಳಿಯಂಥ ಗಡಿಯೂರಿನ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಕೆಟ್ಟರೆ, ವಿಂಡೋಸ್ ಮತ್ತೆ ಹಾಕಿಸುವುದು ದೊಡ್ಡ ಮಾತಲ್ಲ. ಪ್ರಿಂಟರ್ ಡ್ರೈವರು, ಬೆರಳಗುರುತು ಓದುವ ಯಂತ್ರದ ಸಾಫ್ಟ್‌ವೇರು, ಕನ್ನಡ ಗಣಕ ಪರಿಷತ್ತಿನ ನುಡಿ, ಅದರ ಫಾಂಟುಗಳು, ಇವನ್ನೆಲ್ಲ ಮೊದಲಿನಂತೆ ಕೂಡಿಸುವುದೇ ಕಷ್ಟ. ಯೂನಿಕೋಡಿಗೆ ಮುಂಚಿನ ನುಡಿ ಕಡತಗಳು ಆ ಫಾಂಟಿಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಆದ್ದರಿಂದ ಕಡತಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಸಾಲದು. ವಿಂಡೋಸ್, ಸಾಫ್ಟ್‌ವೇರು, ಫಾಂಟು, ಸೆಟ್ಟಿಂಗು ಎಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಸಿಸ್ಟಂ ಇಮೇಜ್ ಬೇಕಾಗುವುದು ಇಲ್ಲಿಯೇ. ಆದರೆ ಇಮೇಜಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ವೈರಸ್ ಇದ್ದರೆ ವೈರಸ್ಸೂ, ಮುರಿದ ಕಡತವಿದ್ದರೆ ಅದೂ ಒಳಗೆ ಸೇರುತ್ತದೆ. ಹುಳ ಹತ್ತಿದ ತೊಗರಿಯನ್ನು ಹಸನು ಮಾಡದೆ ಚೀಲಕ್ಕೆ ತುಂಬಿ ಬಾಯಿ ಹೊಲಿದಂತೆ ಅದು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಅನಗತ್ಯ ಕಡತ ಅಳಿಸಿ, ಡಿಫ್ರಾಗ್ ಮಾಡಿ, ಆಮೇಲೆ ಇಮೇಜ್ ತೆಗೆಯಿರಿ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ. ಈ ಕ್ರಮ ಅಪಾಯದ್ದು. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಸಾಫ್ಟ್‌ವೇರಿನಲ್ಲಿ ನೋಡಬಹುದು. ಓದಲಾಗದ ಸೆಕ್ಟರುಗಳು, ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು ದಿನೇದಿನೇ ಹೆಚ್ಚುತ್ತಿದ್ದರೆ ಆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಬೇಕು. ಡಿಫ್ರಾಗ್ ಎಂದರೆ ಚದುರಿದ ತುಣುಕುಗಳನ್ನು ಓದಿ ಬೇರೆಡೆ ಬರೆಯುವ ಕೆಲಸ. ಸಾಯುತ್ತಿರುವ ಡಿಸ್ಕಿಗೆ ಆ ದುಡಿಮೆ ಹೇರಿದರೆ ಉಳಿದ ದತ್ತಾಂಶವೂ ಹೋಗಬಹುದು. ಅಂಥ ಡಿಸ್ಕಿನಿಂದ ಮುಖ್ಯ ಕಡತಗಳನ್ನು ಮೊದಲು ಹೊರತೆಗೆಯಬೇಕು, ಸ್ವಚ್ಛತೆಯ ಮಾತು ಆಮೇಲೆ. ಎಸ್‌ಎಸ್‌ಡಿ ಇದ್ದರಂತೂ ಡಿಫ್ರಾಗ್ ಬೇಕಿಲ್ಲ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ತೋಳೂ ಇಲ್ಲ.

ಡಿಸ್ಕ್ ಗಟ್ಟಿಯಾಗಿದ್ದರೆ ಮುಂದಿನದು ಕಡತವ್ಯವಸ್ಥೆಯ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್. ಬಹುತೇಕ ಇಮೇಜ್ ಸಾಫ್ಟ್‌ವೇರುಗಳು ಡಿಸ್ಕನ್ನು ಇಡಿಯಾಗಿ ನಕಲು ಮಾಡದೆ, ಯಾವ ಜಾಗ ತುಂಬಿದೆ, ಯಾವುದು ಖಾಲಿ ಎಂದು ವಿಂಡೋಸಿನ ಕಡತವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ನಕ್ಷೆ ನೋಡಿ ತುಂಬಿದ್ದನ್ನಷ್ಟೇ ಎತ್ತಿಕೊಳ್ಳುತ್ತವೆ. ನಕ್ಷೆಯೇ ತಪ್ಪಿದ್ದರೆ ನಕಲೂ ತಪ್ಪುತ್ತದೆ. ಎನ್‌ಟಿಎಫ್‌ಎಸ್ ತನ್ನ ಬದಲಾವಣೆಗಳ ದಿನಚರಿ ಇಡುವುದರಿಂದ ಕರೆಂಟು ಹೋದರೂ ತಾನೇ ಸುಧಾರಿಸಿಕೊಳ್ಳುತ್ತದೆ ಎನ್ನುವವರಿದ್ದಾರೆ. ನಿಜ, ಬಹಳ ಸಲ ಸುಧಾರಿಸಿಕೊಳ್ಳುತ್ತದೆ. ಆದರೆ ಆ ದಿನಚರಿ ಕಾಯುವುದು ಕಡತವ್ಯವಸ್ಥೆಯ ಚೌಕಟ್ಟನ್ನು, ಅರ್ಧ ಬರೆದ ಕಡತದ ಒಳಗಿನ ಮಾತನ್ನಲ್ಲ. ಕೆಟ್ಟ ಸೆಕ್ಟರನ್ನಂತೂ ಅದು ವಾಸಿ ಮಾಡಲಾರದು.

ಡಿಸ್ಕುಗಳು ಅಗ್ಗವಾಗಿವೆ, ಕಸವನ್ನೂ ನಕಲು ಮಾಡಿದರೆ ನಷ್ಟವೇನು ಎಂಬ ಪ್ರಶ್ನೆಯೂ ಇದೆ. ಜಾಗದ ಮಟ್ಟಿಗೆ ಆ ಮಾತು ಸರಿ. ಆದರೆ ಹಳೆಯ ವಿಂಡೋಸಿನ ಫೋಲ್ಡರು, ಅಪ್‌ಡೇಟಿನ ಅವಶೇಷ, ಟೆಂಪ್ ಕಡತಗಳು ಹಲವು ಜಿಬಿ ಆಗುತ್ತವೆ. ತೆಗೆಯುವಾಗ, ಸರಿಯಿದೆಯೇ ಎಂದು ಪರೀಕ್ಷಿಸುವಾಗ, ಮರಳಿ ಹಾಕುವಾಗ ಮೂರು ಸಲವೂ ಅವುಗಳಿಗೆ ಸಮಯ ಕೊಡಬೇಕು. ಅಳಿಸುವಾಗ ಎಚ್ಚರವಿರಲಿ. ವಿಂಡೋಸ್ 10ರ ಕೆಲವು ಆವೃತ್ತಿಗಳ ಡಿಸ್ಕ್ ಕ್ಲೀನಪ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಇದೆ, ಗಿರಾಕಿಗಳ ಪಹಣಿ, ಅರ್ಜಿಗಳು ಅಲ್ಲಿಯೇ ಕೂತಿರಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಎಷ್ಟೋ ಅಂಗಡಿಗಳು 11ಕ್ಕೆ ಏರಬೇಕಿದೆ. ಏರುವ ಮುನ್ನ ಹೀಗೆ ಸಿದ್ಧಮಾಡಿದ ಡಿಸ್ಕಿನ ಇಮೇಜ್ ತೆಗೆದಿಡಿ. ಅದನ್ನು ಅದೇ ಡಿಸ್ಕಿನ ಡಿ ಡ್ರೈವಿನಲ್ಲಿ ಮಾತ್ರ ಇಡಬೇಡಿ.